ಅಪ್ಪನ ಕೋಟು ಎಮ್ಮೆಯಾದದ್ದು

ನನ್ನ ಅಂಗಿಯ ಜೇಬಿನಲ್ಲಿ ಈಚೆಗೆ ಪೆನ್ನು ಇರುವುದಿಲ್ಲ. ಅದರ ಜಾಗದಲ್ಲಿ ಮರದ ಹಿಡಿಯ ಒಂದು ಗಿಡ್ಡ ಕೊಕ್ಕೆ ಇರುತ್ತದೆ. ಮೊನ್ನೆ ಬ್ಯಾಂಕಿನಲ್ಲಿ ಸಹಿ ಮಾಡಲು ಹೋಗಿ ಅದನ್ನೇ ತೆಗೆದು ಕಾಗದದ ಮೇಲೆ ಊರಿದೆ. ಗಾಜಿನಾಚೆ ಕೂತಿದ್ದ ಹುಡುಗಿ ಕಾಗದವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. ತಪ್ಪು ಅವಳದಲ್ಲ. ಐವತ್ತೆಂಟು ವರ್ಷದ ಗಂಡಸಿನ ಎದೆಯ ಮೇಲೆ ಕೊಕ್ಕೆ ಕಂಡರೆ ಈತ ಮೀನು ಹಿಡಿಯುವವನೋ ಹಲ್ಲು ಕೀಳುವವನೋ ಎಂದು ಯಾರಿಗಾದರೂ ಅನುಮಾನ ಬಂದೀತು. ನಾನು ನೆಲಹಾಸು ಮಾಡುವವನು ಎಂದು ಹೇಳಿದ್ದರೆ ಅವಳು ಮ್ಯಾನೇಜರನ್ನೇ ಕರೆಯುತ್ತಿದ್ದಳೇನೋ.

ನಮ್ಮವರಿಗೂ ಇದನ್ನು ವಿವರಿಸುವುದು ಸುಲಭವಲ್ಲ. ಈ ಪರದೇಶದಲ್ಲಿರುವ ಕನ್ನಡಿಗರ ಯುಗಾದಿ ಊಟದಲ್ಲಿ ಪಕ್ಕದ ಎಲೆಯವರು ಕೇಳಿದರು: "ವೀಕೆಂಡಲ್ಲಿ ಏನ್ ಮಾಡ್ತೀರಾ ಸಾರ್? ಗಾಲ್ಫಾ?"

"ಇಲ್ರಿ. ಹಳೇ ಉಣ್ಣೆ ಬಟ್ಟೀನ ಪಟ್ಟಿ ಪಟ್ಟಿ ಕತ್ತರಸೂದು, ಗೋಣಿತಟ್ಟಿನ ಕೆಳಗಿಂದ ಕೊಕ್ಕೀಲೆ ಮ್ಯಾಲ ಎಳಿಯೂದು. ಎಳದ ಕುಣಿಕಿ ಸಾಲಾಗಿ ನಿಂತು ಒಂದು ರಗ್ ಆಕ್ಕೈತ್ರಿ."

ಅವರ ಹೋಳಿಗೆ ಬಾಯಿಯ ಹತ್ತಿರ ನಿಂತಿತು. "ಅಂದ್ರೆ... ಕಾಲೊರಸೋದಾ?"

"ಹೌದ್ರಿ."

"ಅಂಗಡೀಲೇ ಸಿಗತ್ತಲ್ಲಾ ಸಾರ್," ಎಂದರು. ದನಿಯಲ್ಲಿ ಎಷ್ಟು ಕರುಣೆ ಇತ್ತೆಂದರೆ ತಮ್ಮ ಎಲೆಯ ಇನ್ನೊಂದು ಹೋಳಿಗೆಯನ್ನು ನನಗೆ ದಾಟಿಸಿದರು.

ನಿಜ ಹೇಳಬೇಕೆಂದರೆ ಈ ಹವ್ಯಾಸ ನಾನು ಹಿಡಿದದ್ದಲ್ಲ, ಅದೇ ನನ್ನನ್ನು ಹಿಡಿದದ್ದು. ಹೆಸರು ನೋಂದಾಯಿಸಿದವಳು ನನ್ನ ಹೆಂಡತಿ ವಸುಧಾ. ಮಿಲ್ಟನ್ ಎಂಬ ಈ ಊರಿನ ನಮ್ಮ ಮನೆಗೆ ಹತ್ತು ನಿಮಿಷದ ದೂರದ ಲೈಬ್ರರಿಯಲ್ಲಿ ಶನಿವಾರ ಬೆಳಿಗ್ಗೆ ಎಂಟು ಹತ್ತು ಮಂದಿ ಹೆಂಗಸರು ಸೇರಿ ಈ ಕೆಲಸ ಮಾಡುತ್ತಾರೆ. ಅಷ್ಟರಲ್ಲಿ ಅವಳ ಫಾರ್ಮಸಿಯ ಶಿಫ್ಟು ಶನಿವಾರಕ್ಕೆ ಬಿತ್ತು. "ನೀವೇ ಹೋಗಿ, ನಾನು ಬರಲ್ಲ ಅಂತ ಹೇಳ್ಬಿಟ್ಟು ಬನ್ನಿ. ಫೋನಲ್ಲಿ ಹೇಳಿದ್ರೆ ಚೆನ್ನಾಗಿರಲ್ಲ," ಎಂದಳು. ಮೈಸೂರಿನವಳು, ಮರ್ಯಾದೆ ಹೆಚ್ಚು. ನಾನು ಹೇಳಲು ಹೋದೆ. ಗುಂಪಿನ ಹಿರಿಯಳಾದ ಡೋರೀನ್ ಎಂಬ ಎಂಬತ್ತರ ಅಜ್ಜಿ ನನ್ನ ಮಾತು ಮುಗಿಯುವ ಮೊದಲೇ ಕುರ್ಚಿ ಎಳೆದು, ಗೋಣಿತಟ್ಟು ಬಿಗಿದ ಚೌಕಟ್ಟನ್ನು ನನ್ನ ತೊಡೆಯ ಮೇಲಿಟ್ಟಳು. ಗೋದಾಮಿನಲ್ಲಿ ನಾನು ನಲವತ್ತು ಜನರ ಮೇಲೆ ಸೂಪರ್‌ವೈಸರ್. ಅಲ್ಲಿ ನನ್ನ ಮಾತನ್ನು ಯಾರೂ ಅರ್ಧಕ್ಕೆ ನಿಲ್ಲಿಸುವುದಿಲ್ಲ. ಆದರೆ ಡೋರೀನಳ ಮುಂದೆ ನಾನು ಬೇರೆಯೇ ಮನುಷ್ಯ. ಗುರುಸಿದ್ಧಪ್ಪ ಎಂಬ ನನ್ನ ಹೆಸರು ಅವರ ಬಾಯಲ್ಲಿ ಗುರು ಎಂದಾಗಿ, ಕೊಕ್ಕೆ ಹಿಡಿಯಲು ಬಾರದ ಏಕೈಕ ವ್ಯಕ್ತಿಯನ್ನು ಅಲ್ಲಿ ಎಲ್ಲರೂ ಗುರು ಎಂದೇ ಕರೆಯುತ್ತಾರೆ.

ಅವರು ಮಾಡುವ ಬಗೆಗೆ ಪ್ರಿಮಿಟಿವ್ ಶೈಲಿ ಎನ್ನುತ್ತಾರೆ. ಹಿಂದೆ ಈ ದೇಶದ ಪೂರ್ವದ ಕಡಲತೀರದ ಬಡ ಮನೆಗಳಲ್ಲಿ ಹೆಂಗಸರು ಕಾಳಿನ ಚೀಲ ಬಿಚ್ಚಿ, ಹರಿದ ಕೋಟು ಲಂಗ ಕತ್ತರಿಸಿ, ತಮ್ಮ ಬೆಕ್ಕು ಕುದುರೆಗಳನ್ನು ತಾವೇ ಬರೆದು ಹಾಸು ಮಾಡುತ್ತಿದ್ದರಂತೆ. ಚಿತ್ರ ಬರೆಯಲು ಬರುತ್ತಿರಲಿಲ್ಲವಾದ್ದರಿಂದ ಬೆಕ್ಕು ಕುದುರೆಯಷ್ಟು ದೊಡ್ಡದಾಗಿ, ಕುದುರೆ ಐದು ಕಾಲಿನದಾಗಿ ಬರುತ್ತಿತ್ತು. ಈಗ ಆ ಬಾರದಿರುವಿಕೆಯೇ ಕಲೆ. ಚೆನ್ನಾಗಿ ಬರೆಯಬಲ್ಲವರು ಕಷ್ಟಪಟ್ಟು ಅದನ್ನು ಮರೆಯಬೇಕು. ನನಗೆ ಆ ಕಷ್ಟ ಇರಲಿಲ್ಲ. ನಾನು ಬರೆದ ಮೊದಲ ಗೆರೆಯನ್ನು ನೋಡಿ ಡೋರೀನ್ ಕನ್ನಡಕ ತೆಗೆದು ಒರೆಸಿಕೊಂಡು, "ಡಿಯರ್, ಇದನ್ನು ಕಲಿಸಿಕೊಡಲು ಆಗುವುದಿಲ್ಲ. ಇದು ಹುಟ್ಟಿನಿಂದ ಬರಬೇಕು," ಎಂದಳು. ಡ್ರಾಯಿಂಗ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದವನಿಗೆ ಜೀವಮಾನದಲ್ಲಿ ಸಿಕ್ಕ ಮೊದಲ ಶಹಬಾಸ್‌ಗಿರಿ ಅದು.

ಬರೆದದ್ದು ಎಮ್ಮೆ. ಧಾರವಾಡದ ಎಮ್ಮೆ, ಕುಡುಗೋಲಿನಂತೆ ಹಿಂದಕ್ಕೆ ಬಾಗಿದ ಕೋಡಿನದು. ಎಮ್ಮೆಯೇ ಯಾಕೆ ಎಂದು ಯಾರಾದರೂ ಕೇಳಿದರೆ ಬಾಲ್ಯ, ಗೌಳಿಗರ ಓಣಿ, ಪೇಢೆ ಎಂದೆಲ್ಲ ಹೇಳುತ್ತೇನೆ. ಅಸಲು ಕಾರಣ ಎಮ್ಮೆಯ ಮೈ ದೊಡ್ಡದು, ತಪ್ಪುಗಳು ಅದರಲ್ಲಿ ಮುಳುಗಿಹೋಗುತ್ತವೆ. ಗುಂಪಿನಲ್ಲಿ ಅದನ್ನು ಕೆಲವರು ಮೂಸ್ ಎಂಬ ಇಲ್ಲಿಯ ದೊಡ್ಡ ಜಿಂಕೆ ಎಂದರು, ಒಬ್ಬರು ಮೀಸೆ ಎತ್ತಿದ ಕರಡಿ ಎಂದರು. ನನ್ನ ಮಗಳು ಫೋಟೋ ನೋಡಿ, "ಇಟ್ಸ್ ಸೋ ಕ್ಯೂಟ್ ಅಪ್ಪಾ! ಈಸ್ ಇಟ್ ಎ ಬ್ಯಾಟ್?" ಎಂದಳು. ಬಾವಲಿಗೆ ನಾಲ್ಕು ಕಾಲು ಇರುವುದಿಲ್ಲ ಎಂದೆ. "ಯುವರ್ಸ್ ಹ್ಯಾಸ್ ತ್ರೀ," ಎಂದಳು. ಎಣಿಸಿದೆ. ಹೌದು.

ಈ ಗುಂಪಿಗೆ ಎರಡು ಕಟ್ಟಳೆಗಳಿವೆ. ಒಂದು, ಮೊದಲ ನೆಲಹಾಸಿಗೆ ಹೊಸ ಬಟ್ಟೆ ಕೂಡದು. ಯಾರೋ ತೊಟ್ಟು ಸವೆಸಿದ ಉಡುಪು ಅದರಲ್ಲಿ ಇರಲೇಬೇಕು. ಎರಡನೆಯದು, ಹಾಸು ಮುಗಿದ ದಿನ ಎಲ್ಲರೆದುರು ನೆಲಕ್ಕೆ ಹಾಕಿ, ಮಾಡಿದವರು ಮೊದಲು ಅದನ್ನು ತುಳಿಯಬೇಕು. ತುಳಿಯುವ ತನಕ ಅದು ಮುಗಿದಂತಲ್ಲ. ಮೊದಲ ಕಟ್ಟಳೆಯಿಂದ ನನಗೆ ಬಂದ ಕಷ್ಟ ಎರಡನೆಯದರಲ್ಲಿ ತೀರಬೇಕಾಯಿತು.

ಬೇಸ್‌ಮೆಂಟಿನ ಸೂಟ್‌ಕೇಸಿನಲ್ಲಿ ಅಪ್ಪನ ಕೋಟು ಇತ್ತು. ಕಂದು ಬಣ್ಣದ ಉಣ್ಣೆ ಕೋಟು. ಅಪ್ಪ ಮಾಸ್ತರರು, ಧೋತರ, ಕೋಟು, ಟೋಪಿ ಇಲ್ಲದೆ ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ನಾನು ಇಲ್ಲಿಗೆ ಹೊರಟಾಗ ಧಾರವಾಡದ ಸ್ಟೇಷನ್ನಿನಲ್ಲಿ ಅದನ್ನು ನನ್ನ ಹೆಗಲಿಗೆ ಹಾಕಿ, "ಇದು ನಿನಗ. ಅಲ್ಲಿ ಥಂಡಿ ಭಾಳ," ಎಂದರು. ಧಾರವಾಡದ ಎಷ್ಟೋ ಡಿಸೆಂಬರುಗಳನ್ನು ಗೆದ್ದ ಆ ಕೋಟು ಇಲ್ಲಿಯ ಒಂದು ನವೆಂಬರಿನ ಬಸ್‌ಸ್ಟಾಪಿನಲ್ಲಿ ಹತ್ತು ನಿಮಿಷಕ್ಕೆ ಸೋತಿತು. ಅಂದಿನಿಂದ ಅದು ಸೂಟ್‌ಕೇಸಿನಲ್ಲೇ ವಿಶ್ರಾಂತಿ ಪಡೆಯಿತು. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಕೋಟನ್ನು ಹುಳು ತಿನ್ನತೊಡಗಿತ್ತು.

ಸ್ಟೇಷನ್ನಿನ ಈ ದೃಶ್ಯವನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಒಮ್ಮೆ ಅನುಮಾನ ಬಂದು ಆ ದಿನದ ಡೈರಿ ತೆಗೆದು ನೋಡಿದೆ. ಕಾಲೇಜಿನಿಂದಲೂ ಡೈರಿ ಬರೆಯುವ ಚಟ ನನಗೆ. ಆ ಪುಟದಲ್ಲಿ ಹೀಗಿತ್ತು: "ಬೆಳಿಗ್ಗೆ ಉಪ್ಪಿಟ್ಟು. ಗಾಡಿ ಅರ್ಧ ತಾಸು ತಡ." ಕೋಟೂ ಇಲ್ಲ, ಅಪ್ಪನೂ ಇಲ್ಲ. ಜೀವನದ ಮುಖ್ಯ ದಿನಗಳಲ್ಲೆಲ್ಲ ನಾನು ಏನು ತಿಂದೆ ಎಂಬುದಕ್ಕೆ ಲಿಖಿತ ಸಾಕ್ಷಿ ಇದೆ. ಉಳಿದದ್ದನ್ನು ನೆನಪು ನನ್ನ ಪರವಾಗಿ ಬರೆದುಕೊಂಡಿದೆ.

ಉಣ್ಣೆ ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ತೊಳೆದು ಒಣಗಿಸಬೇಕು, ಆಗ ನೂಲು ಬಿಚ್ಚುವುದಿಲ್ಲ. ಕೋಟನ್ನು ಮೆಷೀನಿಗೆ ಹಾಕಿದೆ. ಡ್ರೈಯರಿನಿಂದ ಹೊರಬಂದಾಗ ಅದು ನಾಲ್ಕನೇ ಇಯತ್ತೆಯ ಹುಡುಗನ ಅಳತೆಗೆ ಇಳಿದಿತ್ತು.

ವಸುಧಾ ಬಾಗಿಲಲ್ಲಿ ನಿಂತು ನೋಡಿದಳು. "ನಿಮ್ಮಕ್ಕನ್ನ ಒಂದು ಮಾತು ಕೇಳಿದ್ರಾ?"

"ಕೋಟು ಕೊಟ್ಟದ್ದು ನನಗ," ಎಂದೆ. ಕತ್ತರಿ ಹಾಕಿದೆ. ಸಂಜೆಯ ಹೊತ್ತಿಗೆ ಅಪ್ಪನ ಕೋಟು ಬುಟ್ಟಿಯಲ್ಲಿ ಕಂದು ಶ್ಯಾವಿಗೆಯಂತೆ ಬಿದ್ದಿತ್ತು.

ಮೂರನೆಯ ದಿನ ಅಕ್ಕನ ವೀಡಿಯೋ ಕಾಲ್ ಬಂತು. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು, ಧಾರವಾಡದಲ್ಲಿರುತ್ತಾಳೆ, ಫೋನನ್ನು ಯಾವಾಗಲೂ ಹಣೆಯ ನೇರಕ್ಕೆ ಹಿಡಿಯುತ್ತಾಳೆ. ನಾನು ಅವಳ ಕುಂಕುಮದ ಜೊತೆ ಮಾತಾಡುತ್ತೇನೆ.

"ಗುರ್ಯಾ, ವೀಸಾ ಬಂತಪಾ. ಜೂನ್ ತಿಂಗಳದಾಗ ಬರಾಕತ್ತೀನಿ. ಕಡಕ ರೊಟ್ಟಿ, ಶೇಂಗಾ ಚಟ್ನಿ ತರತೀನಿ. ನನಗೇನೂ ಬ್ಯಾಡ. ಅಪ್ಪನ ಕೋಟು ನಿನ್ನ ಕಡೆ ಐತೆಲ್ಲ, ಅದನ್ನೊಂದು ತಗದಿಡು."

"ಕೋಟ?"

"ಹ್ಞೂಂ. ಅದರಾಗ ಒಂದು ನೋಡೋದೈತಿ. ಮನಿಯಾಗ ಅಪ್ಪಂದು ಅಂತ ಮತ್ತೇನೂ ಉಳದಿಲ್ಲ ನೋಡು, ಅದೊಂದ."

ಫೋನಿಟ್ಟ ಮೇಲೆ ಬುಟ್ಟಿಯನ್ನು ನೋಡಿದೆ. ಶ್ಯಾವಿಗೆಯನ್ನು ಮತ್ತೆ ಹಿಟ್ಟು ಮಾಡಲಾಗುವುದಿಲ್ಲ, ಹಿಟ್ಟನ್ನು ಗೋಧಿ ಮಾಡಲಾಗುವುದಿಲ್ಲ. ಆ ವಾರ ಮಿಲ್ಟನ್ನಿನ ಹಳೆ ಬಟ್ಟೆ ಅಂಗಡಿಗಳನ್ನೆಲ್ಲ ಅಲೆದೆ. ಒಂದು ಕಡೆ ಅದೇ ಕಂದು ಬಣ್ಣದ ಕೋಟು ಸಿಕ್ಕಿತು. ಇಲ್ಲಿಯ ಯಾವುದೋ ದೈತ್ಯ ಐಸ್ ಹಾಕಿ ಆಟಗಾರನದಿರಬೇಕು; ನಾನು ತೊಟ್ಟರೆ ಕೈಗಳು ಒಳಗೇ ಉಳಿದವು.

"ಇದನ್ನ ಹಾಕ್ಕೊಂಡ್ರೆ ನಿಮ್ಮಪ್ಪ ಟೆಂಟ್ ಥರ ಕಾಣ್ತಿದ್ರು," ಎಂದಳು ವಸುಧಾ. "ಸುಮ್ನೆ ಅಕ್ಕಂಗೆ ಹೇಳ್ಬಿಡಿ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಬದಲಿಗೆ, ಒಂದು ಎಳೆಯೂ ಹಾಳಾಗಬಾರದೆಂದು ಆ ಪಟ್ಟಿಗಳನ್ನೆಲ್ಲ ಎಮ್ಮೆಗೇ ತುಂಬಿದೆ. ಬೆನ್ನು, ಹೊಟ್ಟೆ, ಕೋಡು, ಮಗಳು ತೋರಿಸಿಕೊಟ್ಟ ನಾಲ್ಕನೆಯ ಕಾಲು. ತೋಳಿನ ಒಂದು ಕಡೆ ಕೆಂಪು ದಾರದಲ್ಲಿ ರಫೂ ಮಾಡಿದ ಗಟ್ಟಿ ಜಾಗವಿತ್ತು. ಅವ್ವ ಹೊಲಿದದ್ದು ಎಂದು ನನಗೆ ಚೆನ್ನಾಗಿ ನೆನಪು. ಆ ಪಟ್ಟಿ ಕೆಂಪು ಕೆಂಪಾಗಿ ಬಂದದ್ದರಿಂದ ಅದನ್ನು ಎಳೆದು ಎಮ್ಮೆಗೆ ಕಣ್ಣು ಮಾಡಿದೆ.

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗುಂಪಿಗೆ ಸೇರಿದ ಹೊಸತರಲ್ಲಿ, ಡೋರೀನಳ ನೆಲಹಾಸಿಗೆ ನನ್ನ ಕಾಲು ತಾಗಿತು. ಕೈ ತಾನಾಗಿ ಕೆಳಗೆ ಹೋಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು. ಹೆಂಗಸರೆಲ್ಲ ನೋಡಿದರು. "ಅದೇನು ಮಾಡಿದಿರಿ ಗುರು?" ಎಂದಳು ಡೋರೀನ್. ಇಂಗ್ಲಿಷಿನಲ್ಲಿ ಪಾಪ, ಪಾದ, ವಿದ್ಯೆ, ಸರಸ್ವತಿ ಎಂದು ವಿವರಿಸುವ ಧೈರ್ಯ ಬರಲಿಲ್ಲ. "ಚೆಕ್ ಮಾಡಿದೆ. ಉಣ್ಣೆ ಮೆತ್ತಗಿದೆಯೋ ಇಲ್ಲವೋ. ಕಣ್ಣಿನ ರೆಪ್ಪೆಗೆ ಬೇಗ ಗೊತ್ತಾಗುತ್ತದೆ," ಎಂದೆ. ಅಷ್ಟೇ. ಮುಂದಿನ ಶನಿವಾರದಿಂದ ಮಿಲ್ಟನ್ ಲೈಬ್ರರಿಯ ಆ ಕೋಣೆಯಲ್ಲಿ ಅಜ್ಜಿಯರೆಲ್ಲರೂ ಹೊಸ ಹಾಸು ಕಂಡರೆ ಬಾಗಿ, ಬೆರಳಿನಿಂದ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, "ಹ್ಞಾಂ, ಲವ್ಲೀ," ಎನ್ನತೊಡಗಿದರು. ತಿದ್ದುವ ಕಾಲ ಮೀರಿಹೋಯಿತು.

ಅಕ್ಕ ಗುರುವಾರ ಬಂದಳು. ಶುಕ್ರವಾರ ಚಹಾ ಕುಡಿಯುವಾಗಲೇ ಕೇಳಿದಳು: "ಕೋಟು?"

"ಡ್ರೈ ಕ್ಲೀನಿಂಗಿಗೆ ಕೊಟ್ಟೀನಿ."

"ಮೂವತ್ತು ವರ್ಷ ತೊಳೀಲಾರದ್ದನ್ನ ಈಗ ನಾ ಬಂದೀನಂತ ತೊಳಸ್ತಿಯೇನು?"

ವಸುಧಾ ಕಪ್ಪುಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಸಿಂಕಿನಲ್ಲಿಟ್ಟಳು.

ಶನಿವಾರ ನನ್ನ ಎಮ್ಮೆಯನ್ನು ತುಳಿಯುವ ದಿನ. ಅಂಚು ಹೊಲಿಯಲೆಂದು ಡೋರೀನ್ ಅದನ್ನು ತನ್ನ ಮನೆಗೆ ಒಯ್ದಿದ್ದರಿಂದ ಅಕ್ಕ ಇನ್ನೂ ಅದನ್ನು ನೋಡಿರಲಿಲ್ಲ. ನಾನೊಬ್ಬನೇ ಹೋಗಿ ಬರುವ ವಿಚಾರ ನನ್ನದು. ವಸುಧಾ ಕೆಲಸಕ್ಕೆ ಹೊರಟಳು, ಮಗಳಿನ್ನೂ ಎದ್ದಿರಲಿಲ್ಲ. "ಒಬ್ಬಾಕೀನ ಮನ್ಯಾಗ ಕುಂತು ಗ್ವಾಡಿ ನೋಡಲೇನು? ನಾನೂ ಬರತೀನಿ," ಎಂದು ಅಕ್ಕ, ಸೆಕೆಯಿದ್ದರೂ ಥಂಡಿ ದೇಶವೆಂಬ ಹೆದರಿಕೆಯಿಂದ, ಇಳಕಲ್ ಸೀರೆಯ ಮೇಲೆ ನನ್ನ ಜಾಕೆಟ್ಟು ಹಾಕಿಕೊಂಡು ಕಾರಿನಲ್ಲಿ ಕೂತುಬಿಟ್ಟಳು.

ಕೋಣೆಯ ನಡುವೆ ಎಮ್ಮೆ ಮಲಗಿತ್ತು. ಸುತ್ತ ಅಜ್ಜಿಯರು ನಿಂತಿದ್ದರು. ಡೋರೀನ್ ಕೈಚಾಚಿ, "ಶೂ ತೆಗೆಯಿರಿ ಗುರು, ತುಳಿಯಿರಿ," ಎಂದಳು. ನಾನು ಶೂ ತೆಗೆದೆ. ಸಾಕ್ಸೂ ತೆಗೆದೆ. ಮತ್ತೆ ಹಾಕಿಕೊಂಡೆ. ಬಲಗಾಲು ಎತ್ತಿದೆ, ಇಳಿಸಿದೆ, ಎಡಗಾಲು ಎತ್ತಿದೆ. ಇಷ್ಟು ತಿಂಗಳು ಆ ಬಟ್ಟೆಯನ್ನು ಕತ್ತರಿಸಿ, ಎಳೆದು, ಚುಚ್ಚಿದವನಿಗೆ ಕಾಲಿಡಲು ಆಗಲಿಲ್ಲ. ಕೆಳಗೆ ಅಪ್ಪ ಇದ್ದರು.

"ಯಾಕೋ, ಹಾವು ಕಂಡಾಂಗ ನಿಂತಿ? ತುಳಿ ಅನ್ನಾಕತ್ತಾಳಲ್ಲ ಆ ಮುದುಕಿ," ಎಂದಳು ಅಕ್ಕ ಹಿಂದಿನಿಂದ.

"ಅಕ್ಕಾ, ಅದು ಅಪ್ಪನ ಕೋಟು."

"ಯಾವುದು?"

"ಎಮ್ಮಿ."

ಅಕ್ಕ ನನ್ನನ್ನು ನೋಡಿದಳು. ಎಮ್ಮೆಯನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. "ಡ್ರೈ ಕ್ಲೀನಿಂಗು?"

"ಸುಳ್ಳು."

ಅವಳು ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತಳು. ಅಂಗೈಯನ್ನು ಎಮ್ಮೆಯ ಬೆನ್ನ ಮೇಲೆ ಆಡಿಸಿದಳು. "ಬಲಗಡೆ ತೋಳು ಎಲ್ಲೈತಿ?"

"ಎಲ್ಲಾ ಕಲತುಬಿಟ್ಟೈತಿ ಅಕ್ಕಾ."

ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಬೆನ್ನಷ್ಟೇ ಕಾಣುತ್ತಿತ್ತು. ಇನ್ನು ಇವಳು ನನ್ನ ಮನೆಗೆ ಬರುವುದಿಲ್ಲ, ನಾನು ಧಾರವಾಡಕ್ಕೆ ಹೋದರೂ ಕುಂಕುಮವೂ ನನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡೆ. ಬೆರಳುಗಳು ಹೊಟ್ಟೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಬಂದು ಕಣ್ಣಿನ ಮೇಲೆ ನಿಂತವು.

"ಈ ಕೆಂಪು ಎಲ್ಲಿಂದ ತಗದಿ?"

"ತೋಳಿನ್ಯಾಗ ರಫೂ ಇತ್ತಲ್ಲ. ಅವ್ವ ಹೊಲದದ್ದು."

"ಅವ್ವ ಅಲ್ಲೋ. ನಾ ಹೊಲದದ್ದು." ಅಕ್ಕ ತಿರುಗಿದಳು. "ಇಸ್ತ್ರಿ ಪೆಟ್ಟಿಗಿ ಕೆಡವಿ, ಕೆಂಡ ಬೀಳಿಸಿ ಅಪ್ಪನ ಕೋಟು ಸುಟ್ಟದ್ದು ಯಾರು?"

"ಯಾರು?"

"ನೀನಪಾ! ಆರು ವರ್ಷದಾಂವ ಇದ್ದಿ. ಸುಟ್ಟು, ಹಾಸಿಗಿ ಸುರುಳಿ ಹಿಂದ ಹೊಕ್ಕು ಕುಂತಿ. ಅಪ್ಪ ಬಂದರ ನಿನ್ನ ಚರ್ಮಾ ಸುಲೀತಾನಂತ ನಾ ಗಡಬಡಿಸಿ ಕುಂತು ಹೊಲದೆ. ಮನ್ಯಾಗ ಕಂದು ದಾರ ಇರಲಿಲ್ಲ, ಇದ್ದದ್ದು ಕೆಂಪ ಒಂದ."

"ಅಪ್ಪ ಏನಂದ?"

"ಏನಂತಾನ? ಸಾಲ್ಯಾಗ ಮಂದೀಗೆಲ್ಲಾ ತೋಳು ಎತ್ತಿ ತೋರಿಸಿದ್ನಂತ. 'ಮಾಸ್ತರಗ ಕೆಂಪ ಶಾಯೀಲೆ ಮಾರ್ಕ್ಸ್ ಹಾಕ್ಯಾಳ ನೋಡ್ರಿ ನನ್ನ ಮಗಳು' ಅಂದನಂತ. ಟೇಲರ್ ಕಡೆ ಕೊಟ್ಟು ಸರಿ ಮಾಡಸಲಿಲ್ಲ, ಹಂಗ ಹಾಕ್ಕೊಂಡ ಅಡ್ಡಾಡಿದ. ಅದನ್ನೊಂದ ನೋಡಬೇಕಂತ ಇಷ್ಟು ದೂರ ಬಂದೀನಿ."

ಸ್ಟೇಷನ್ನಿನ ದೃಶ್ಯವನ್ನು ಬಣ್ಣ ಬಣ್ಣವಾಗಿ ಕಾಪಾಡಿಕೊಂಡ ನನ್ನ ತಲೆ ಈ ಕೆಂಡವನ್ನು ಎಲ್ಲಿಗೆ ಎಸೆಯಿತೋ ತಿಳಿಯದು. ಹಾಸಿಗೆ ಸುರುಳಿಯ ಕತ್ತಲೆಯೂ ಇಲ್ಲ, ಸುಟ್ಟ ಉಣ್ಣೆಯ ವಾಸನೆಯೂ ಇಲ್ಲ. ನನಗೆ ಬೇಕಾದ ಅಪ್ಪನನ್ನು ಇಟ್ಟುಕೊಂಡು ನಾನು ಮಾಡಿದ್ದನ್ನಷ್ಟೇ ಅಚ್ಚುಕಟ್ಟಾಗಿ ಕತ್ತರಿಸಿ ತೆಗೆದಿದ್ದೆ.

"ಮೊದಲ ಸುಟ್ಟಿ. ಈಗ ಕತ್ತರಿಸಿದಿ," ಎಂದಳು ಅಕ್ಕ. "ನೀರಾಗ ಕುದಿಸೂದೊಂದು ಉಳದಿತ್ತು ನೋಡು."

"ಅದೂ ಆಗೈತಿ ಅಕ್ಕಾ. ಕತ್ತರಸೂಕಿಂತ ಮೊದಲ ಬಿಸಿನೀರಾಗ ಹಾಕಿದ್ದೆ. ಕುಗ್ಗಿ ಇಷ್ಟ ಆಗಿತ್ತು," ಎಂದು ಕೈಯಳತೆ ತೋರಿಸಿದೆ.

ಅಕ್ಕನ ಮೂಗಿನ ಹೊಳ್ಳೆ ಅರಳಿತು. ಸಿಟ್ಟು ಬಂದರೂ ನಗು ಬಂದರೂ ಅವಳಿಗೆ ಮೊದಲು ಅರಳುವುದು ಅದೇ. ಎರಡು ಕ್ಷಣ ಕಾದೆ. ನಗು ಬಂತು. ಅವಳು ನಕ್ಕರೆ ಮೈಯೆಲ್ಲ ನಗುತ್ತದೆ, ದನಿ ಮಾತ್ರ ಹೊರಡುವುದಿಲ್ಲ. ಜಾಕೆಟ್ಟಿನ ಜಿಪ್ಪು ಕಿಣಿಕಿಣಿ ಎಂದಿತು. ಕಣ್ಣೊರೆಸಿಕೊಂಡು, ಅದೇ ಬೆರಳಿನಿಂದ ಎಮ್ಮೆಯ ಕೆಂಪು ಕಣ್ಣನ್ನು ಮುಟ್ಟಿ ತನ್ನ ಕಣ್ಣಿಗೆ ಒತ್ತಿಕೊಂಡಳು.

"ನಿಮ್ಮ ಅಕ್ಕನಿಗೂ ಆ ಪರೀಕ್ಷೆ ಗೊತ್ತೇ!" ಎಂದಳು ಡೋರೀನ್. ಎಲ್ಲರಿಗಿಂತ ಮುಂದೆ ಬಂದು ಬಾಗಿ ಎಮ್ಮೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಹಿಂದೆಯೇ ಉಳಿದವರು ಒಬ್ಬೊಬ್ಬರಾಗಿ ಬಂದರು.

ಅಕ್ಕ ಬೆರಗಾಗಿ ನೋಡಿದಳು. "ಏನೋ ಗುರ್ಯಾ, ಇವರೆಲ್ಲಾ ಯಾಕ ಎಮ್ಮೀಗೆ ನಮಸ್ಕಾರ ಮಾಡಾಕತ್ತಾರ?"

"ನಾನ ಕಲಿಸೀನಿ. ಆಮ್ಯಾಲ ಹೇಳತೀನಿ."

"ಅವರನ್ನೂ ಕೆಡಿಸಿದಿ." ಅಕ್ಕ ಮಂಡಿ ಹಿಡಿದುಕೊಂಡು ಎದ್ದಳು. "ಈಗ ತುಳಿ."

"ಹೆಂಗ ತುಳೀಲಿ ಅಕ್ಕಾ? ಅಪ್ಪಂದು."

"ಅಪ್ಪನ ಧೋತರ, ಅವ್ವನ ಸೀರಿ ಸೇರಿಸಿ ಹೊಲದ ಕೌದಿ ಮ್ಯಾಲ ಕಾಲು ಚಾಚಿ ಮಲಗಿ ಬೆಳದಾಂವ ನೀ. ದಿನಾ ಬೆಳಿಗ್ಗೆ ಎದ್ದು ಕೌದೀಗೆ ನಮಸ್ಕಾರ ಮಾಡತಿದ್ದೇನು? ಅದರ ಮ್ಯಾಲ ಉಚ್ಚಿ ಹೊಯ್ದಿ, ಅಪ್ಪ ಏನೂ ಅನ್ನಲಿಲ್ಲ. ಹಾಸೂದಂತ ಮಾಡಿದ ಮ್ಯಾಲ ಹಾಸಬೇಕು. ತುಳಿ."

ಕಾಲು ಎತ್ತಿದೆ.

"ಕಣ್ಣು ಬಿಟ್ಟು ತುಳಿ," ಎಂದಳು ಅಕ್ಕ. "ಅದು ನಂದು."

ಹೊಟ್ಟೆಯ ಮೇಲೆ ಬಲಗಾಲು, ಬೆನ್ನಿನ ಮೇಲೆ ಎಡಗಾಲು ಇಟ್ಟೆ. ಬೆಚ್ಚಗಿತ್ತು. ಧಾರವಾಡದ ಥಂಡಿಗೆ ಸಾಕಾಗುವಷ್ಟು ಬೆಚ್ಚಗೆ. ಅಜ್ಜಿಯರು ಚಪ್ಪಾಳೆ ತಟ್ಟಿದರು. ಆಮೇಲೆ ಅಕ್ಕನೂ ಚಪ್ಪಲಿ ಬಿಟ್ಟು ಹತ್ತಿ ನನ್ನ ಪಕ್ಕ ನಿಂತಳು. ಹಾಸು ಸಣ್ಣದು, ಬೀಳದಂತೆ ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಳ್ಳಬೇಕಾಯಿತು.

ಈಗ ಎಮ್ಮೆ ನಮ್ಮ ಮನೆಯ ಮುಂಬಾಗಿಲಲ್ಲಿ ಮಲಗಿದೆ. ವಸುಧಾ, ಮಗಳು, ನಾನು ಕಣ್ಣನ್ನು ದಾಟಿ ಕಾಲಿಡುತ್ತೇವೆ. ಬಂದವರೆಲ್ಲ ನಮ್ಮನ್ನು ನೋಡಿ ತಾವೂ ಹಾಗೆಯೇ ಮಾಡುತ್ತಾರೆ. ಯುಗಾದಿಯ ಹೋಳಿಗೆಯವರು ಕೂಡ ಮೊನ್ನೆ ಬಂದಾಗ, ಯಾಕೆಂದು ಕೇಳದೆ, ಒಂದು ಸಣ್ಣ ನೆಗೆತ ನೆಗೆದು ಒಳಗೆ ಬಂದರು.

ಅಕ್ಕ ಊರಿಗೆ ಹೋದ ಮೇಲೆ, ಇದನ್ನೆಲ್ಲ ಬರೆಯಲೆಂದು ಆ ಶನಿವಾರದ ಡೈರಿ ತೆಗೆದೆ. ಅಂದು ನಾನು ಬರೆದದ್ದು ಇಷ್ಟು: "ಬೆಳಿಗ್ಗೆ ಉಪ್ಪಿಟ್ಟು. ಸೆಕೆ." ಅದರ ಕೆಳಗೆ ನನ್ನದಲ್ಲದ ದುಂಡಕ್ಷರದಲ್ಲಿ, ಕೆಂಪು ಶಾಯಿಯಲ್ಲಿ, ಎರಡು ಸಾಲು ಇತ್ತು.

"ಉಪ್ಪಿಟ್ಟಿಗೆ ಉಪ್ಪು ಕಡಿಮಿ ಇತ್ತು. ಕೆಂಡ ಬೀಳಿಸಿದಾಂವ ಇವನ."